ಕರಡು ಬರೆದ ರಾಯರು



ನ್ಯೂಯಾರ್ಕ್ ಸುತ್ತಮುತ್ತಲಿನ ಕನ್ನಡಿಗರಿಗೆ ಫ್ಲಶಿಂಗ್ ಅಂದರೆ ಗಣೇಶನ ಗುಡಿ. ಗುಡಿ ಅಂದರೆ ಅದರ ಕ್ಯಾಂಟೀನು, ಕ್ಯಾಂಟೀನು ಅಂದರೆ ದೋಸೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದುಕೊಂಡು ಹೋಗಿ, ಅರ್ಚನೆ ಮಾಡಿಸಿ, ದೋಸೆ ತಿನ್ನಿಸಿ, ಹೊತ್ತು ಉಳಿದರೆ ಹತ್ತಿರದ ಫ್ಲಶಿಂಗ್ ಮೆಡೋಸ್ ಪಾರ್ಕಿಗೂ ಒಂದು ಸುತ್ತು ಹೊಡೆಸುವುದು ನಮ್ಮಲ್ಲಿ ಅನೇಕರ ವಾಡಿಕೆ. ಅಲ್ಲಿನ ಉಕ್ಕಿನ ದೊಡ್ಡ ಭೂಗೋಳದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನಮ್ಮೆಲ್ಲರ ಆಲ್ಬಮ್ಮಿನಲ್ಲೂ ಒಂದಾದರೂ ಇದ್ದೀತು. ಆ ಭೂಗೋಳದ ಪಕ್ಕದಲ್ಲೇ ಒಂದು ಉದ್ದನೆಯ ಕಟ್ಟಡವಿದೆ. 1939ರ ವಿಶ್ವಮೇಳಕ್ಕಾಗಿ ಕಟ್ಟಿದ್ದು, ಈಗ ಕ್ವೀನ್ಸ್ ಮ್ಯೂಸಿಯಂ. ಮ್ಯಾನ್‌ಹಟನ್ನಿನ ಗಾಜಿನ ಕಟ್ಟಡ ಸಿದ್ಧವಾಗುವ ಮೊದಲು, 1946ರಿಂದ 1950ರವರೆಗೆ, ವಿಶ್ವಸಂಸ್ಥೆಯ ಮಹಾಸಭೆ ನ್ಯೂಯಾರ್ಕಿನಲ್ಲಿ ಸೇರುತ್ತಿದ್ದದ್ದು ಇಲ್ಲಿ. ಭದ್ರತಾ ಮಂಡಳಿ ಸೇರುತ್ತಿದ್ದದ್ದು ಇಲ್ಲಿಂದ ಪೂರ್ವಕ್ಕೆ, ಲಾಂಗ್ ಐಲೆಂಡಿನ ಲೇಕ್ ಸಕ್ಸೆಸ್ ಎಂಬ ಊರಿನ ಒಂದು ಕಾರ್ಖಾನೆಯ ಕಟ್ಟಡದಲ್ಲಿ.

ಕೊರಿಯಾದಲ್ಲಿ ಯುದ್ಧ ಶುರುವಾದ ಸುದ್ದಿ ಕೇಳಿ 1950ರ ಜೂನ್ 25ರ ಭಾನುವಾರ ಆ ಮಂಡಳಿ ತುರ್ತಾಗಿ ಸೇರಿದಾಗ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ನಮ್ಮ ದಕ್ಷಿಣ ಕನ್ನಡದವರು, ಬೆನಗಲ್ ನರಸಿಂಗ ರಾವ್. ಇಷ್ಟು ವರ್ಷ ಆ ದಾರಿಯಲ್ಲೇ ಓಡಾಡಿದರೂ ಈ ಸಂಗತಿ ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ವಿಚಿತ್ರ ಕಾರಣದಿಂದ.

ಗಣರಾಜ್ಯೋತ್ಸವದ ಸಮಯಕ್ಕೆ ನಮ್ಮ ಫೋನುಗಳಿಗೆ ಒಂದು ಸಂದೇಶ ಬಂದಿತ್ತು. ಯಾರು ಬರೆದದ್ದೋ, ಎಷ್ಟು ಕೈ ದಾಟಿ ಬಂದದ್ದೋ ತಿಳಿಯದು. "ಭಾರತದ ಸಂವಿಧಾನವನ್ನು ನಿಜವಾಗಿ ಬರೆದವರು ಅಂಬೇಡ್ಕರ್ ಅಲ್ಲ, ಮಂಗಳೂರಿನ ಬಿ. ಎನ್. ರಾವ್. ಚರಿತ್ರೆ ಇದನ್ನು ಮುಚ್ಚಿಟ್ಟಿದೆ" ಎಂಬುದು ಅದರ ಸಾರ. ನಮ್ಮ ಕರಾವಳಿಯವರ ಹೆಸರು ನೋಡಿ ನಮಗೆ ಮೊದಲು ಹಿಗ್ಗೇ ಆಯಿತು. ಸುಳ್ಳೇಕೆ ಹೇಳಬೇಕು, ನಮ್ಮಲ್ಲಿ ಇಬ್ಬರು ಮೂವರು ಅದನ್ನು ಮುಂದಕ್ಕೂ ಕಳಿಸಿದೆವು. ಆ ತಿಂಗಳ ಭೇಟಿಯಲ್ಲಿ ಈ ಮಾತು ಬಂದಾಗ ನಮ್ಮ ಬಳಗದ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಅಲ್ಲಯ್ಯಾ, ಹಿಗ್ಗೋದು ಇರಲಿ. ಆ ರಾಯರು ಏನು ಮಾಡಿದರು ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹಿಡಿದು ಓದಿದ್ದರ ಫಲ ಈ ಲೇಖನ.

ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬದಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಹುಡುಗ ಮೆಟ್ರಿಕ್ಯುಲೇಶನ್ನಿನಲ್ಲಿ ಇಡೀ ಪ್ರಾಂತ್ಯಕ್ಕೇ ಮೊದಲಿಗನಾದ. ಪದವಿಯಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ. ಸಾಲದೆಂದು ಮರುವರ್ಷ ಗಣಿತದಲ್ಲೂ ಒಂದು. ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು. ಅದೇ ಹೊತ್ತಿಗೆ ಅದೇ ಕಾಲೇಜಿನಲ್ಲಿ ಜವಾಹರಲಾಲ್ ನೆಹರೂ ಕೂಡ ಓದುತ್ತಿದ್ದರು. ರಾಯರು 1909ರಲ್ಲಿ ಐ.ಸಿ.ಎಸ್. ಸೇರಿದರು.

ಆ ಮನೆಯ ಇತರ ಮಕ್ಕಳೂ ಸಾಮಾನ್ಯರಲ್ಲ. ತಮ್ಮ ಬೆನಗಲ್ ರಾಮ ರಾವ್ ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿದ್ದು, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಇನ್ನೊಬ್ಬ ತಮ್ಮ ಬಿ. ಶಿವ ರಾವ್ ಪತ್ರಕರ್ತರು, ಸಂವಿಧಾನ ರಚನಾ ಸಭೆಯ ಸದಸ್ಯರು, ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದಿಂದ ಗೆದ್ದವರು. ಅಣ್ಣನ ಬರಹಗಳನ್ನು ಅವರು ತೀರಿಕೊಂಡ ಮೇಲೆ ಒಟ್ಟುಗೂಡಿಸಿ 1960ರಲ್ಲಿ ಪುಸ್ತಕವಾಗಿ ತಂದವರೂ ಇವರೇ.

ಬ್ರಿಟಿಷರ ನೌಕರಿಯಲ್ಲಿ ರಾಯರಿಗೆ ಸಿಕ್ಕಿದ್ದು ಬಂಗಾಳ. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿದ್ದ ಅವರನ್ನು 1925ರಲ್ಲಿ ಅಸ್ಸಾಂ ಸರ್ಕಾರ ಕರೆಸಿಕೊಂಡಿತು. ಅಲ್ಲಿ ಎಂಟು ವರ್ಷ ಶಾಸನಸಭೆಯ ಕಾರ್ಯದರ್ಶಿಯ ಕೆಲಸ, ಜೊತೆಗೆ ಸರ್ಕಾರದ ಕಾನೂನುಗಳ ಕರಡು ಬರೆಯುವ ಕೆಲಸ. ಕರಡು ಬರೆಯುವುದು ಎಂದರೆ ಏನೆಂದು ಒಂದು ಮಾತು ಹೇಳಬೇಕು. ಮಂತ್ರಿಗೋ ಸಭೆಗೋ ಒಂದು ಆಸೆ ಇರುತ್ತದೆ, ಹೀಗಾಗಬೇಕು ಎಂದು. ಆ ಆಸೆಯನ್ನು ವಾಕ್ಯ ಮಾಡುವವನು ಬೇರೆ. ನಾಳೆ ಯಾವ ವಕೀಲನೂ ಅದಕ್ಕೆ ಎರಡನೆಯ ಅರ್ಥ ಹಚ್ಚಬಾರದು, ಹಳೆಯ ಯಾವ ಕಾನೂನಿಗೂ ಅದು ಡಿಕ್ಕಿ ಹೊಡೆಯಬಾರದು, ಬಿಟ್ಟುಹೋದ ಸಂದರ್ಭ ಇರಬಾರದು. ಪ್ರೋಗ್ರಾಂ ಬರೆಯುವ ನಮಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ಬಳಸುವವರಿಗೆ ಕಾಣುವುದು ತೆರೆಯ ಮೇಲಿನದ್ದು ಮಾತ್ರ, ಒಳಗಿನ ಸಾಲುಗಳನ್ನು ಯಾರೂ ನೋಡುವುದಿಲ್ಲ, ತಪ್ಪಾದಾಗ ಹೊರತು!

1935ರ ಭಾರತ ಸರ್ಕಾರ ಕಾಯಿದೆ ಬಂದಾಗ ಈ ಕೌಶಲ ದೆಹಲಿಗೆ ಬೇಕಾಯಿತು. ಪ್ರಾಂತ್ಯಗಳಿಗೆ ಸ್ವಾಯತ್ತತೆ ಕೊಡುವ ಹೊಸ ವ್ಯವಸ್ಥೆ 1937ರ ಏಪ್ರಿಲ್ 1ರಂದು ಜಾರಿಗೆ ಬರಬೇಕಿತ್ತು. ಅಷ್ಟರೊಳಗೆ ಕೇಂದ್ರದ ಮತ್ತು ಪ್ರಾಂತ್ಯಗಳ ಹಳೆಯ ಕಾನೂನುಗಳನ್ನೆಲ್ಲ ಒಂದೊಂದಾಗಿ ತೆಗೆದು, ಹೊಸ ಕಾಯಿದೆಗೆ ಹೊಂದುವಂತೆ ತಿದ್ದಬೇಕು. ರಾಯರು ಆ ಕೆಲಸದ ಭಾರ ಹೊತ್ತು ಮುಗಿಸಿಕೊಟ್ಟರು. 1938ರಲ್ಲಿ ಅವರಿಗೆ 'ಸರ್' ಪದವಿ ಬಂತು, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಹೈಕೋರ್ಟಿನಲ್ಲಿ ಕೂತಿರಲು ಸರ್ಕಾರ ಬಿಡಲಿಲ್ಲ. ಅವರ ತಲೆಗೆ ಬಂದ ಎರಡು ಕೆಲಸಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಎರಡರ ನೆರಳೂ ಇಂದಿನವರೆಗೆ ಚಾಚಿದೆ.

ಮೊದಲನೆಯದು ನೀರಿನದು. ಮೇಲಿನ ಪಂಜಾಬಿನವರು ಅಣೆಕಟ್ಟು ಕಟ್ಟಿ ನೀರು ಎತ್ತಿಕೊಂಡರೆ ಕೆಳಗಿನ ಸಿಂಧ್ ಪ್ರಾಂತ್ಯದ ಕಾಲುವೆಗಳು ಒಣಗುತ್ತವೆ ಎಂಬುದು ಸಿಂಧಿನವರ ದೂರು. 1941ರಲ್ಲಿ ರಾಯರ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು, 1942ರಲ್ಲಿ ವರದಿ ಬಂತು. ನದಿ ನಮ್ಮ ನೆಲದಲ್ಲಿ ಹರಿಯುವಾಗ ನಮ್ಮ ಇಷ್ಟ ಎಂಬ ಮೇಲಿನವರ ವಾದವನ್ನಾಗಲಿ, ಒಂದು ಹನಿಯೂ ಕಡಿಮೆಯಾಗಕೂಡದು ಎಂಬ ಕೆಳಗಿನವರ ವಾದವನ್ನಾಗಲಿ ಆ ವರದಿ ಒಪ್ಪಲಿಲ್ಲ. ನದಿ ಇಡೀ ಕಣಿವೆಗೆ ಸೇರಿದ್ದು, ನ್ಯಾಯವಾಗಿ ಹಂಚಿಕೊಳ್ಳಬೇಕು ಎಂಬುದು ಅದರ ತತ್ತ್ವ. ವರದಿ ಬಂದ ಐದು ವರ್ಷಕ್ಕೆ ದೇಶವೇ ಎರಡಾಗಿ ಸಿಂಧೂ ನದಿಯ ಜಗಳ ಎರಡು ರಾಷ್ಟ್ರಗಳ ಜಗಳವಾಯಿತು. 1960ರಲ್ಲಿ ಆದ ಒಪ್ಪಂದ ನದಿಗಳನ್ನೇ ಪಾಲು ಮಾಡಿತು, ಆ ಒಪ್ಪಂದವನ್ನೂ 2025ರ ಏಪ್ರಿಲಿನಲ್ಲಿ ಭಾರತ ತಡೆಹಿಡಿಯಿತು. ಆದರೆ ನ್ಯಾಯವಾದ ಹಂಚಿಕೆ ಎಂಬ ಮಾತು ಉಳಿಯಿತು. ಕೃಷ್ಣೆ, ಕಾವೇರಿಯ ಬಗ್ಗೆ ನಮ್ಮವರು ದಶಕಗಳ ಕಾಲ ನ್ಯಾಯಮಂಡಳಿಗಳ ಮುಂದೆ ವಾದಿಸಿದ್ದೂ ಅದೇ ಮಾತಿನ ಸುತ್ತ.

ಎರಡನೆಯದು ಮನೆಯೊಳಗಿನದು. ಹಿಂದೂ ವಿಧವೆಗೆ ಆಸ್ತಿಯಲ್ಲಿ ಹಕ್ಕು ಕೊಡಲೆಂದು 1937ರಲ್ಲಿ ಮಾಡಿದ ಕಾನೂನು ಗೊಂದಲದ ಗೂಡಾಗಿತ್ತು. ಅದನ್ನು ಸರಿಪಡಿಸಲು 1941ರಲ್ಲಿ ಹಿಂದೂ ಕಾನೂನು ಸಮಿತಿ ನೇಮಕವಾಯಿತು, ಅದಕ್ಕೂ ರಾಯರೇ ಅಧ್ಯಕ್ಷರು. ಒಂದು ಹರಕಿಗೆ ತೇಪೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಹರಿಯುತ್ತದೆ, ಇಡೀ ಕಾನೂನನ್ನೇ ಹೊಸದಾಗಿ ಬರೆಯಬೇಕು ಎಂದು ಸಮಿತಿ ಹೇಳಿತು. 1944ರಲ್ಲಿ ಮತ್ತೆ ಸೇರಿದ ಅದೇ ಸಮಿತಿ ಕರಡು ಸಂಹಿತೆ ಬರೆದು, ಪ್ರಾಂತ್ಯಗಳಲ್ಲಿ ಸುತ್ತಿ ಜನರ ಅಭಿಪ್ರಾಯ ಕೇಳಿತು. ಪರ ಮಾತಾಡಿದವರಿಗಿಂತ ಬೈದವರ ದನಿಯೇ ದೊಡ್ಡದಿತ್ತು. ಸ್ವಾತಂತ್ರ್ಯದ ನಂತರ ಆ ಕರಡನ್ನು ಎತ್ತಿಕೊಂಡು ಸಂಸತ್ತಿನಲ್ಲಿ ಹೋರಾಡಿದವರು ಕಾನೂನು ಮಂತ್ರಿ ಅಂಬೇಡ್ಕರ್. ಅದು ಮುಂದೆ ಸಾಗದ ನೋವಿನಲ್ಲೇ ಅವರು 1951ರಲ್ಲಿ ಮಂತ್ರಿಪದವಿ ಬಿಟ್ಟರು. ಕೊನೆಗೆ 1955 ಮತ್ತು 1956ರಲ್ಲಿ ನಾಲ್ಕು ಬೇರೆ ಬೇರೆ ಕಾಯಿದೆಗಳಾಗಿ ಅದು ಜಾರಿಗೆ ಬಂತು. ರಾಯರ ಕರಡು, ಅಂಬೇಡ್ಕರರ ಹೋರಾಟ. ಈ ಜೋಡಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1944ರಲ್ಲಿ ನಿವೃತ್ತರಾದ ರಾಯರು ಜಮ್ಮು ಮತ್ತು ಕಾಶ್ಮೀರದ ಪ್ರಧಾನಮಂತ್ರಿಯಾಗಿ ಹೋದರು. ಮಹಾರಾಜ ಹರಿಸಿಂಗರಿಗೂ ಇವರಿಗೂ ಮೂಲ ವಿಷಯಗಳಲ್ಲೇ ಒಮ್ಮತ ಬರಲಿಲ್ಲ. 1945ರಲ್ಲಿ ರಾಜೀನಾಮೆ ಕೊಟ್ಟು ದೆಹಲಿಗೆ ಮರಳಿದರು.

ಈಗ ನಮ್ಮ ಸಂದೇಶದ ವಿಷಯಕ್ಕೆ ಬರೋಣ. ರಾಯರು ಸಂವಿಧಾನ ಸಲಹೆಗಾರರಾಗಿ ನೇಮಕವಾದದ್ದು 1946ರ ಜುಲೈನಲ್ಲಿ. ರಚನಾ ಸಭೆ ಮೊದಲ ಬಾರಿ ಸೇರಿದ್ದು ಡಿಸೆಂಬರ್ 9ರಂದು. ಅಂದರೆ ಸಭೆಗಿಂತ ಮೊದಲೇ ಸಲಹೆಗಾರರು ಸಿದ್ಧರಾಗಿದ್ದರು. ಆ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಸಭೆಯ ಸದಸ್ಯರೂ ಆಗಿರಲಿಲ್ಲ, ಆದ್ದರಿಂದ ಒಂದೇ ಒಂದು ಮತವೂ ಅವರದ್ದಿರಲಿಲ್ಲ. ಮಾಡಿದ್ದೇನೆಂದರೆ, ಬೇರೆ ಬೇರೆ ದೇಶಗಳ ಸಂವಿಧಾನಗಳು ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟಿವೆ ಎಂಬುದನ್ನು ಸಂಗ್ರಹಿಸಿ ಸದಸ್ಯರ ಕೈಗೆ ಕೊಟ್ಟರು. 1947ರ ಮಾರ್ಚಿನಲ್ಲಿ ಪ್ರಶ್ನಾವಳಿಯೊಂದನ್ನು ಕಳಿಸಿ, ಒಕ್ಕೂಟದ ಮುಖ್ಯಸ್ಥರು ಹೇಗಿರಬೇಕು, ಆಯ್ಕೆ ಹೇಗೆ, ಅಧಿಕಾರ ಎಷ್ಟು ಎಂದೆಲ್ಲ ಕೇಳಿದರು. ಸಭೆಯ ಸಮಿತಿಗಳು ಕೊಟ್ಟ ವರದಿಗಳನ್ನು ಆಧರಿಸಿ ಆ ಅಕ್ಟೋಬರಿನಲ್ಲಿ ಮೊದಲ ಕರಡು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳು, 13 ಅನುಸೂಚಿಗಳು ಇದ್ದವು. ಸಂದೇಶದಲ್ಲಿ ನಿಜವಿದ್ದದ್ದು ಇಷ್ಟು. ಇದೇನೂ ಸಣ್ಣ ನಿಜವಲ್ಲ.

ಆದರೆ ಅಲ್ಲಿಗೆ ಕಥೆ ಮುಗಿಯಲಿಲ್ಲ, ಶುರುವಾಯಿತು. 1947ರ ಆಗಸ್ಟ್ 29ರಂದು ಅಂಬೇಡ್ಕರ್ ಅಧ್ಯಕ್ಷತೆಯಲ್ಲಿ ಏಳು ಜನರ ಕರಡು ಸಮಿತಿ ರಚನೆಯಾಗಿತ್ತು. ರಾಯರ ಕರಡನ್ನು ಸಮಿತಿ ಸಾಲುಸಾಲಾಗಿ ಪರಿಶೀಲಿಸಿ 1948ರ ಫೆಬ್ರವರಿಯಲ್ಲಿ ಕೊಟ್ಟ ಕರಡಿನಲ್ಲಿ 315 ವಿಧಿಗಳಿದ್ದವು, ಅನುಸೂಚಿಗಳು ಎಂಟಕ್ಕೆ ಇಳಿದಿದ್ದವು. ಆಮೇಲೆ ಅದು ಸಭೆಯ ಮುಂದೆ ಹೋಯಿತು. ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂತು, ಅದರಲ್ಲಿ 2,473 ಸಭೆಯಲ್ಲಿ ಮಂಡನೆಯಾದವು. ಕೊನೆಗೆ ನಿಂತದ್ದು 395 ವಿಧಿಗಳು, 8 ಅನುಸೂಚಿಗಳು. ಒಂದೊಂದು ವಿಧಿಗೂ ಎದ್ದು ನಿಂತು ಉತ್ತರ ಹೇಳಿದವರು, ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ತೀರ್ಮಾನಿಸಿದವರು ಅಂಬೇಡ್ಕರ್. ಸಮಿತಿಯ ಉಳಿದವರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನು ಕೆಲವರು ಬೇರೆ ಕಾರಣಗಳಿಂದ ದೂರವಿದ್ದರು, ಹಾಗಾಗಿ ಭಾರವೆಲ್ಲ ಅಂಬೇಡ್ಕರರ ಮೇಲೆ ಬಿತ್ತು ಎಂದು ಅದೇ ಸಮಿತಿಯ ಟಿ. ಟಿ. ಕೃಷ್ಣಮಾಚಾರಿ 1948ರ ನವೆಂಬರಿನಲ್ಲಿ ಸಭೆಯಲ್ಲೇ ಹೇಳಿದರು.

ಇನ್ನು 'ಮುಚ್ಚಿಟ್ಟ ಚರಿತ್ರೆ'ಯ ವಿಚಾರ. 1949ರ ನವೆಂಬರ್ 25ರಂದು ಅಂಬೇಡ್ಕರ್ ಮಾಡಿದ ಕೊನೆಯ ಭಾಷಣವನ್ನು ನಾವು ಎಲ್ಲರೂ ಕೂತು ಓದಿದೆವು. ತನಗೆ ಸಲ್ಲುತ್ತಿರುವ ಶ್ರೇಯಸ್ಸು ನಿಜಕ್ಕೂ ತನ್ನೊಬ್ಬನದಲ್ಲ ಎಂದು ಅವರು ಅಲ್ಲಿ ಹೇಳುತ್ತಾರೆ. ಮೊದಲು ಹೆಸರಿಸುವುದೇ ಒಂದು ಕಚ್ಚಾ ಕರಡು ಸಿದ್ಧಪಡಿಸಿಕೊಟ್ಟ ಬಿ. ಎನ್. ರಾಯರನ್ನು. ಆಮೇಲೆ ಸಮಿತಿಯ ಸದಸ್ಯರನ್ನು. ಅದಕ್ಕಿಂತ ದೊಡ್ಡ ಪಾಲನ್ನು ಮುಖ್ಯ ಕರಡುಗಾರ ಎಸ್. ಎನ್. ಮುಖರ್ಜಿಯವರಿಗೆ ಕೊಡುತ್ತಾರೆ. ಮೇಲೆ ನಾವು ಕೊಟ್ಟ ವಿಧಿ, ತಿದ್ದುಪಡಿಗಳ ಲೆಕ್ಕವೂ ಆ ಭಾಷಣದ್ದೇ. ಮರುದಿನ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು ರಾಯರ ಸಂಬಳವಿಲ್ಲದ ಸೇವೆಯನ್ನು ನೆನೆದು ಧನ್ಯವಾದ ಹೇಳಿದರು. ಯಾರೂ ಏನನ್ನೂ ಮುಚ್ಚಿಡಲಿಲ್ಲ ಸ್ವಾಮಿ. ಎಪ್ಪತ್ತೈದಕ್ಕೂ ಹೆಚ್ಚು ವರ್ಷದಿಂದ ಅದು ಅಚ್ಚಾಗಿ ಬಿದ್ದಿದೆ, ಓದದೆ ಇದ್ದವರು ನಾವು.

ನಮ್ಮ ವಾದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿದ್ದು ಬರ್ಮಾದಲ್ಲಿ. 1947ರಲ್ಲಿ ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ಬರ್ಮಾ ತನ್ನ ಸಂವಿಧಾನ ಬರೆಯಲು ಹೊರಟಾಗಲೂ ರಾಯರ ನೆರವು ಬೇಡಿತು. ಅಲ್ಲಿನ ಸಂವಿಧಾನ ಸಲಹೆಗಾರರು ದೆಹಲಿಗೆ ಬಂದು ಇವರೊಂದಿಗೆ ಕೂತು ಕೆಲಸ ಮಾಡಿದರು. ಆ ಸಂವಿಧಾನ ಭಾರತದ್ದಕ್ಕಿಂತ ಮೊದಲೇ, 1947ರ ಸೆಪ್ಟೆಂಬರಿನಲ್ಲಿ, ಅಂಗೀಕಾರವಾಯಿತು. ಆದರೆ ಅದಕ್ಕೆ ಎರಡು ತಿಂಗಳ ಮೊದಲೇ ಅವರ ನಾಯಕ ಆಂಗ್ ಸಾನ್ ಕೊಲೆಯಾಗಿದ್ದರು. 1962ರ ಮಾರ್ಚಿನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಾಗ ಸಂವಿಧಾನವೂ ಹೋಯಿತು. ಒಂದೇ ಕೈ ತಾಗಿದ ಎರಡು ಕರಡುಗಳು. ಒಂದು ಹದಿನಾಲ್ಕು ವರ್ಷ ಬಾಳಿತು, ಇನ್ನೊಂದು ಇಂದಿಗೂ ಬಾಳುತ್ತಿದೆ. ಹಾಗಿದ್ದ ಮೇಲೆ ಸಂವಿಧಾನವನ್ನು ಉಳಿಸುವುದು ಕರಡು ಮಾತ್ರ ಅಲ್ಲ ಎಂದಾಯಿತಲ್ಲ? ಅದನ್ನು ತಮ್ಮದೆಂದು ಹೊತ್ತು, ಜಗಳವಾಡಿ, ಎದುರಾಳಿಗಳನ್ನೂ ಒಪ್ಪಿಸಿ ದಾಟಿಸುವವರು ಬೇಕು. ಭಾರತಕ್ಕೆ ಅಂಥವರು ಸಿಕ್ಕರು.

ಹಾಗೆಂದು ರಾಯರನ್ನು ಬರೀ ಗುಮಾಸ್ತ ಎಂದುಕೊಳ್ಳುವುದೂ ತಪ್ಪು. ಅವರಿಗೆ ಗಟ್ಟಿ ಅಭಿಪ್ರಾಯಗಳಿದ್ದವು. 1947ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಅಲ್ಲಿನ ನ್ಯಾಯಾಧೀಶರನ್ನೂ ಆಡಳಿತಗಾರರನ್ನೂ ಕಂಡರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೊಂದು ಎಚ್ಚರಿಕೆ ಕೊಟ್ಟರು. 'ಡ್ಯೂ ಪ್ರೊಸೆಸ್' ಎಂಬ ಮಾತನ್ನು ಹಾಕಿಕೊಳ್ಳಬೇಡಿ, ಜನ ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕುವಂತಾಗುತ್ತದೆ ಎಂದು. ಜಮೀನ್ದಾರಿ ರದ್ದು ಮಾಡಲು ಹೊರಟಿದ್ದ ದೇಶಕ್ಕೆ ಅದು ಸಣ್ಣ ಭಯವಲ್ಲ. ರಾಯರು ಮರಳಿ ಬಂದು ಅದನ್ನೇ ಹೇಳಿದರು. ಕರಡು ಸಮಿತಿ ಆ ಮಾತನ್ನು ತೆಗೆದು, ಜಪಾನಿನ ಹೊಸ ಸಂವಿಧಾನದಿಂದ 'ಕಾನೂನು ಗೊತ್ತುಪಡಿಸಿದ ವಿಧಾನ' ಎಂಬ ಅರ್ಥದ ಮಾತನ್ನು ಹಾಕಿತು. ಅದೇ ಇಂದಿನ 21ನೇ ವಿಧಿ.

ಇದರ ಬೆಲೆಯೂ ಇತ್ತು. ಯಾವುದೋ ಒಂದು ಕಾನೂನು ಮಾಡಿ ಅದರ ಪ್ರಕಾರವೇ ಹಿಡಿದು ಒಳಗೆ ಹಾಕಿದರೆ ಕೇಳುವವರಿಲ್ಲ ಎಂಬ ಅಳುಕು ಸಭೆಯಲ್ಲೇ ಎದ್ದಿತು. ಆ ಕೊರತೆ ತುಂಬಲೆಂದೇ ಅಂಬೇಡ್ಕರ್ 1949ರ ಸೆಪ್ಟೆಂಬರಿನಲ್ಲಿ ಬಂಧಿತರ ಹಕ್ಕುಗಳ ಹೊಸ ವಿಧಿಯೊಂದನ್ನು ತಂದರು, ಅದು ಈಗಿನ 22ನೇ ವಿಧಿ. ಆದರೂ 1950ರಲ್ಲೇ ಎ. ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 21ನೇ ವಿಧಿಗೆ ಇಕ್ಕಟ್ಟಾದ ಅರ್ಥ ಕೊಟ್ಟಿತು. ತುರ್ತು ಪರಿಸ್ಥಿತಿಯನ್ನು ಕಂಡುಂಡ ಮೇಲೆ, 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ, ವಿಧಾನ ಎಂದರೆ ನ್ಯಾಯವಾದದ್ದೂ ಆಗಿರಬೇಕು ಎಂದು ಅದೇ ಕೋರ್ಟು ಹೇಳಿತು. ಮುಂಬಾಗಿಲಿನಿಂದ ಕಳಿಸಿದ ಮಾತು ಹಿತ್ತಿಲಿನಿಂದ ಒಳಗೆ ಬಂತು. ಈ ವಿಷಯದಲ್ಲಿ ರಾಯರ ಸಲಹೆ ತಪ್ಪಾಗಿತ್ತೆಂದೇ ನಮಗನ್ನಿಸುತ್ತದೆ. ದುರುದ್ದೇಶದಿಂದಲ್ಲ, ಆರಿಸಿಬಂದವರ ಮೇಲಿನ ಅತಿಯಾದ ನಂಬಿಕೆಯಿಂದ.

ಅವರ ಇನ್ನೊಂದು ಸಲಹೆಯನ್ನು ಸಮಿತಿ ಒಪ್ಪಲೇ ಇಲ್ಲ. ನಿರ್ದೇಶಕ ತತ್ತ್ವಗಳನ್ನು ಜಾರಿಗೆ ತರುವ ಕಾನೂನು ಮೂಲಭೂತ ಹಕ್ಕಿಗೆ ತಾಗಿತೆಂಬ ಒಂದೇ ಕಾರಣಕ್ಕೆ ಬಿದ್ದುಹೋಗಬಾರದು ಎಂಬುದು ಅದು. 1971ರ 25ನೇ ತಿದ್ದುಪಡಿಯಲ್ಲಿ ಸಂಸತ್ತು ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು. ಆ ತಿದ್ದುಪಡಿಯೂ ಸೇರಿದಂತೆ ಹಲವನ್ನು ಪ್ರಶ್ನಿಸಿದ ಪ್ರಸಿದ್ಧ ಮೊಕದ್ದಮೆಯ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. 1956ರವರೆಗೆ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯದೇ. ಹಳೆಯ ಜಿಲ್ಲೆಯ ಒಬ್ಬರು ಕೊಟ್ಟ ಸಲಹೆಗೆ ಅದೇ ಜಿಲ್ಲೆಯ ಇನ್ನೊಬ್ಬರ ಹೆಸರಿನಲ್ಲಿ 1973ರಲ್ಲಿ ಉತ್ತರ ಬಂತು. ಸಂಸತ್ತು ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂಬ ಉತ್ತರ.

ಸಭೆಯಲ್ಲಿ ಚರ್ಚೆ ನಡೆಯುತ್ತಿದ್ದಾಗಲೇ ನೆಹರೂ ಸರ್ಕಾರ ರಾಯರನ್ನು ವಿಶ್ವಸಂಸ್ಥೆಗೆ ಕಳಿಸಿತು. 1949ರ ಹೊತ್ತಿಗೆ ಅವರು ಅಲ್ಲಿ ಭಾರತದ ಕಾಯಂ ಪ್ರತಿನಿಧಿ. 1950ರಲ್ಲಿ ಭಾರತ ಭದ್ರತಾ ಮಂಡಳಿಗೆ ಎರಡು ವರ್ಷದ ಸದಸ್ಯನಾಯಿತು. ಅಧ್ಯಕ್ಷ ಸ್ಥಾನ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ತಿಂಗಳಿಗೊಬ್ಬರಿಗೆ ಹೋಗುತ್ತದೆ. ಜೂನ್ ತಿಂಗಳು ಭಾರತದ ಸರದಿ. ಹೀಗೆ ನಾವು ಮೊದಲು ಹೇಳಿದ ಲೇಕ್ ಸಕ್ಸೆಸ್ಸಿನ ಕುರ್ಚಿಗೆ ರಾಯರು ಬಂದರು.

ಜೂನ್ 25ರ ಸಭೆಯಲ್ಲಿ, ಉತ್ತರ ಕೊರಿಯಾ ಹಿಂದೆ ಸರಿಯಬೇಕೆಂಬ ಗೊತ್ತುವಳಿಗೆ ಭಾರತವೂ ಸೇರಿ ಒಂಬತ್ತು ಮತ ಬಿತ್ತು. ಯುಗೋಸ್ಲಾವಿಯಾ ತಟಸ್ಥ. ಚೀನಾದ ಪೀಠದ ಜಗಳದಿಂದ ಸಭೆ ಬಿಟ್ಟು ಹೋಗಿದ್ದ ಸೋವಿಯೆತ್ ಒಕ್ಕೂಟ ಗೈರುಹಾಜರು. ಎರಡು ದಿನದ ನಂತರ, 27ರಂದು, ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳು ನೆರವು ಕೊಡಬೇಕೆಂಬ ಗೊತ್ತುವಳಿ ಬಂತು. ನೆರವು ಎಂದರೆ ಯುದ್ಧ. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಸಭೆಯನ್ನು ಹಲವು ಗಂಟೆ ನಿಲ್ಲಿಸಿ ಕಾದರೂ ಬರಲಿಲ್ಲ. ರಾತ್ರಿ ಮತಕ್ಕೆ ಹಾಕಿದಾಗ ಈಜಿಪ್ಟ್ ಮತ್ತು ಭಾರತ ಮತ ಚಲಾಯಿಸಲಿಲ್ಲ. ಅಧ್ಯಕ್ಷರು ಎಲ್ಲರ ಮತ ಎಣಿಸಿದರು, ಅವರ ದೇಶದ ಮತ ಮಾತ್ರ ಇರಲಿಲ್ಲ. ಭಾರತ ಆ ಗೊತ್ತುವಳಿಯನ್ನು ಒಪ್ಪಿದ್ದು 29ರಂದು. ಆದರೂ ಸೈನ್ಯ ಕಳಿಸಲಿಲ್ಲ, ಗಾಯಾಳುಗಳ ಶುಶ್ರೂಷೆಗೆ ಸೇನೆಯ ವೈದ್ಯಕೀಯ ತುಕಡಿಯೊಂದನ್ನು ಕಳಿಸಿತು.

ಆ ವರ್ಷದ ಕೊನೆಗೆ ಚೀನಾದ ಸೈನ್ಯವೂ ಯುದ್ಧಕ್ಕೆ ಇಳಿಯಿತು. ಮೂರನೆಯ ಮಹಾಯುದ್ಧದ ಭಯ. ಬೀಜಿಂಗಿನ ನಿಯೋಗವೊಂದು ನ್ಯೂಯಾರ್ಕಿಗೆ ಬಂದಿತ್ತು, ಅಮೆರಿಕದವರು ಅದರೊಂದಿಗೆ ನೇರವಾಗಿ ಮಾತಾಡಲು ಸಿದ್ಧರಿರಲಿಲ್ಲ. ರಾಯರು ಮಾತಾಡಿದರು. ಏಷ್ಯಾ ಮತ್ತು ಅರಬ್ ದೇಶಗಳು ಹದಿಮೂರನ್ನು ಸೇರಿಸಿ ಕದನವಿರಾಮದ ಗೊತ್ತುವಳಿ ತಂದರು. ಡಿಸೆಂಬರ್ 14ರಂದು ಮಹಾಸಭೆ ಅದನ್ನು ಒಪ್ಪಿ ಮೂವರ ಗುಂಪೊಂದನ್ನು ನೇಮಿಸಿತು. ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಮೂರನೆಯವರು ನಮ್ಮ ರಾಯರು. ಮೂವರೂ ಸೇರಿ ಒಂದೊಂದು ಪದ ತೂಗಿ ಶಾಂತಿಯ ಸೂತ್ರ ಬರೆದರು. ಮತ್ತೆ ಅದೇ ಕೆಲಸ, ಕರಡು.

ಈ ಕರಡು ಫಲಿಸಲಿಲ್ಲ. ಚೀನಾ ಬೇರೆ ಷರತ್ತು ಹಾಕಿತು. ಅಮೆರಿಕ ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ಗೊತ್ತುವಳಿ ತಂದಿತು. ಹಾಗೆ ಹಣೆಪಟ್ಟಿ ಹಚ್ಚಿದರೆ ಮಾತುಕತೆಯ ಬಾಗಿಲು ಮುಚ್ಚುತ್ತದೆ ಎಂಬುದು ರಾಯರ ನಿಲುವು. 1951ರ ಫೆಬ್ರವರಿ 1ರಂದು ಗೊತ್ತುವಳಿ 44 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದದ್ದು ಏಳೇ ಮತ. ಐದು ಸೋವಿಯೆತ್ ಬಣದ್ದು, ಉಳಿದೆರಡು ಬರ್ಮಾ ಮತ್ತು ಭಾರತದ್ದು. ಆ ಕಾಲದ ಅಮೆರಿಕದಲ್ಲಿ ಕೂತು ಅಂಥ ಮತ ಹಾಕುವುದೆಂದರೆ ಏನೆಂದು ಇಲ್ಲಿ ಬದುಕುತ್ತಿರುವ ನಾವು ಊಹಿಸಿಕೊಳ್ಳಬಹುದು.

1952ರ ಫೆಬ್ರವರಿಯಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, ಆ ಪೀಠಕ್ಕೆ ಏರಿದ ಮೊದಲ ಭಾರತೀಯರು. ಆದರೆ ಹೆಚ್ಚು ಕಾಲ ಸಿಗಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅರವತ್ತಾರು ವರ್ಷ. ಕೊರಿಯಾದಲ್ಲಿ ಆ ಜುಲೈನಲ್ಲೇ ಕದನವಿರಾಮವಾಗಿತ್ತು. ಊರಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ಸಮಸ್ಯೆ ಮಾತ್ರ ಉಳಿದಿತ್ತು. ರಾಯರು ಕಣ್ಣು ಮುಚ್ಚಿದ ದಿನ, ತಟಸ್ಥ ದೇಶಗಳ ಆಯೋಗದ ಮುಖ್ಯಸ್ಥರಾಗಿ ಆ ಕೈದಿಗಳ ನಡುವೆ ಕೆಲಸ ಮಾಡುತ್ತಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಎರಡೂ ಕಡೆಯವರು ಅಷ್ಟಿಷ್ಟು ನಂಬಬಹುದಾದ ದೇಶ ಎಂಬ ಹೆಸರು ಭಾರತಕ್ಕೆ ಬಂದದ್ದರಲ್ಲಿ, ಸೋತುಹೋದ ಆ ಕರಡಿನ ಪಾಲೂ ಇತ್ತು ಎಂದೇ ನಾವು ನಂಬುತ್ತೇವೆ.

ಮಿತ್ರರೇ, ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಮಾತಿದೆ. ಮೊದಲ ವಿನ್ಯಾಸ ಬರೆದವರನ್ನು ಮರೆಯುವುದು ಕೃತಘ್ನತೆ. ಹಾಗೆಯೇ, ಕೊನೆಯವರೆಗೂ ನಿಂತು ಒಂದೊಂದು ದೋಷಕ್ಕೂ ಉತ್ತರ ಕೊಟ್ಟು ಅದನ್ನು ಜನರ ಕೈಗೆ ತಲುಪಿಸಿದವರ ಹೆಸರು ಅಳಿಸಿ ಅಲ್ಲಿ ಮೊದಲಿನವರ ಹೆಸರು ಬರೆಯುವುದು ಮೋಸ. ರಾಯರ ಇಡೀ ಬದುಕು ನೋಡಿದರೆ, ಆ ಮೋಸವನ್ನು ಅವರು ಒಪ್ಪುತ್ತಿದ್ದರೆಂದು ನಮಗನ್ನಿಸುವುದಿಲ್ಲ. ಕರಡು ಬರೆಯುವವನ ಕೆಲಸ ಎಲ್ಲಿಗೆ ಮುಗಿಯುತ್ತದೆ, ತೀರ್ಮಾನ ಮಾಡುವವರ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಹೆಸರನ್ನು ದೊಣ್ಣೆ ಮಾಡಿ ಅಂಬೇಡ್ಕರರ ಮೇಲೆ ಬೀಸುವವರಿಗೆ ರಾಯರ ಮೇಲೂ ಪ್ರೀತಿಯಿಲ್ಲ. ಇದ್ದಿದ್ದರೆ ಸಿಂಧೂ ವರದಿ, ಹಿಂದೂ ಸಂಹಿತೆ, ಕೊರಿಯಾ, ಇವುಗಳಲ್ಲಿ ಒಂದಾದರೂ ಆ ಸಂದೇಶದಲ್ಲಿ ಇರಬೇಕಿತ್ತಲ್ಲ?

ಆ ಸಂದೇಶವನ್ನು ಮುಂದಕ್ಕೆ ಕಳಿಸಿದ್ದ ನಾವು, ಕಳಿಸಿದವರಿಗೆಲ್ಲ ಇನ್ನೊಂದು ಪತ್ರ ಬರೆದೆವು. ಮೊದಲಿನದ್ದು ಅರ್ಧ ನಿಜ, ಉಳಿದರ್ಧ ಇಲ್ಲಿದೆ, ತಪ್ಪಾಯಿತು ಎಂದು. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬರು ಮಾತ್ರ, "ಇಷ್ಟೆಲ್ಲ ಓದೋಕೆ ಟೈಮ್ ಎಲ್ಲಿದೆ?" ಎಂದು ಕೇಳಿದರು. ಮುಂದಿನ ಸಲ ಫ್ಲಶಿಂಗ್ ಗುಡಿಗೆ ಹೋದಾಗ ದೋಸೆ ತಿಂದ ಮೇಲೆ ಹತ್ತು ನಿಮಿಷ ಉಳಿಸಿಕೊಂಡು ಆ ಮ್ಯೂಸಿಯಮ್ಮಿನ ಹತ್ತಿರ ನಿಲ್ಲಿ. ಜೊತೆಯಲ್ಲಿ ಮಕ್ಕಳಿದ್ದರೆ ಇಬ್ಬರ ಹೆಸರನ್ನೂ ಹೇಳಿ.